ಯೊಕೊಹಾಮಾಕ್ಕೆ ಹೊರಟ ನಮ್ಮ ಕಡೆಯವರಿಗೆ ಕಿವಿಮಾತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮಕ್ಕಳು ಹೈದರಾಬಾದು, ಬೆಂಗಳೂರು ದಾಟಿ ಈಗ ಜಪಾನಿನಲ್ಲೂ ನೌಕರಿ ಹಿಡಿದಿದ್ದಾರೆ. ಆಫೀಸು ಟೋಕಿಯೊದಲ್ಲಿದ್ದರೂ ಕೆಲವರ ಮನೆ ಪಕ್ಕದ ಬಂದರು ನಗರ ಯೊಕೊಹಾಮಾದಲ್ಲಿ. ಬಾಣಂತನಕ್ಕೋ, ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೋ ಅಪ್ಪ-ಅವ್ವ ಹೋಗುತ್ತಾರೆ. ಮೂರು ತಿಂಗಳು ಫ್ಲ್ಯಾಟಿನೊಳಗೆ ಕೂತು, ಮೊಬೈಲಿನಲ್ಲಿ ಧಾರಾವಾಹಿ ನೋಡಿ, ಶನಿವಾರ ಮಗ ಎಲ್ಲಿಗಾದರೂ ಕರೆದೊಯ್ದಾನು ಎಂದು ದಾರಿ ಕಾಯುತ್ತಾರೆ. ಊರಿಗೆ ಬಂದ ಮೇಲೆ ಕೇಳಿದರೆ ‘ಭಾಳ ಸ್ವಚ್ಛ ಅದ ನೋಡ್ರಿ’ ಅನ್ನುವುದೊಂದೇ ಮಾತು. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ವಯಸ್ಸಾದವರು ಯಾರ ಹಂಗೂ ಇಲ್ಲದೆ ಅಡ್ಡಾಡಬಹುದಾದ ಊರು ಯೊಕೊಹಾಮಾ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತನಾದ ನಾನು ಮಗನ ಮನೆಗೆ ಹೋಗಿ ಬರುತ್ತಿರುತ್ತೇನೆ. ಹೊರಡುವವರು ಮನೆಗೆ ಬಂದು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲು ಕಾಗದಪತ್ರ. ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು. ಆಧಾರಿನಲ್ಲಿ ಬಸಣ್ಣ, ಪಾಸ್‌ಪೋರ್ಟಿನಲ್ಲಿ ಬಸವರಾಜ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಬಸಪ್ಪ. ವೀಸಾಕ್ಕೆ ಮಗನ ಆಮಂತ್ರಣ ಪತ್ರದ ಜೊತೆ ‘ಇವರು ನಿನ್ನ ತಂದೆ-ತಾಯಿ ಹೌದೋ’ ಅನ್ನುವುದಕ್ಕೆ ದಾಖಲೆ ಬೇಕಾಗುತ್ತದೆ. ಹೆಸರಿನ ಸ್ಪೆಲ್ಲಿಂಗು ಸರಿಪಡಿಸುವ ಕೆಲಸವನ್ನು ಟಿಕೆಟ್ ತೆಗೆಸುವುದಕ್ಕಿಂತ ಆರು ತಿಂಗಳು ಮುಂಚೆ ಮುಗಿಸ್ರಿ. ಪ್ರಯಾಣದ ವಿಮೆ ಇಲ್ಲದೆ ಹೊರಡಲೇಬ್ಯಾಡ್ರಿ. ಅಲ್ಲಿ ಆಸ್ಪತ್ರೆಗೆ ಸೇರಿದರೆ ಬಿಲ್ಲು ಕಟ್ಟುವವನು ನಿಮ್ಮ ಮಗ.

• ಬೆಂಗಳೂರಿನಿಂದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಆದರೆ ನರಿತಾ ಯೊಕೊಹಾಮಾದಿಂದ ದೂರ, ರೈಲಿನಲ್ಲೇ ಒಂದೂವರೆ ತಾಸು. ಹನೇದಾ ನಿಲ್ದಾಣ ಹತ್ತಿರ, ಅರ್ಧ ತಾಸಿನ ದಾರಿ. ಸೇಡಂ, ಚಿಂಚೋಳಿಯವರಿಗೆ ಹೈದರಾಬಾದೇ ಸಮೀಪ. ಅಲ್ಲಿಂದ ಹೇಗೂ ಎಲ್ಲೋ ಒಂದು ಕಡೆ ವಿಮಾನ ಬದಲಿಸಬೇಕಲ್ಲ, ಹನೇದಾಕ್ಕೆ ಇಳಿಸುವ ಟಿಕೆಟನ್ನೇ ಹುಡುಕಲು ಮಕ್ಕಳಿಗೆ ಹೇಳ್ರಿ.

• ಬಿಪಿ, ಶುಗರ್ ಗುಳಿಗೆ ಒಂದು ತಿಂಗಳಿಗೆ ಆಗುವಷ್ಟು ಒಯ್ದರೆ ತೊಂದರೆಯಿಲ್ಲ. ಹೆಚ್ಚಿಗೆ ಬೇಕಿದ್ದರೆ ಜಪಾನ್ ಸರಕಾರದ ಅನುಮತಿ ಪತ್ರ ಮೊದಲೇ ತರಿಸಬೇಕು, ಅದನ್ನು ಮಗ ಅಲ್ಲಿಂದಲೇ ನೋಡಿಕೊಳ್ಳಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನೊಂದಿಗೆ ಇರಲಿ. ಕೆಮ್ಮು-ನೆಗಡಿಯ ಔಷಧ ಒಯ್ಯುವಾಗ ಜಾಗ್ರತೆ. ಕೊಡೀನ್, ಸ್ಯೂಡೊಎಫೆಡ್ರಿನ್ ಇರುವವುಗಳಿಗೆ ಅಲ್ಲಿ ಕಟ್ಟುನಿಟ್ಟಿನ ಕಾನೂನು ಇದೆ. ಮೆಡಿಕಲ್ ಅಂಗಡಿಯವನು ಕಟ್ಟಿಕೊಟ್ಟದ್ದನ್ನೆಲ್ಲ ಚೀಲಕ್ಕೆ ತುಂಬಬ್ಯಾಡ್ರಿ.

• ಬುತ್ತಿಯ ಮಾತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಧಾರಾಳ ಒಯ್ರಿ. ಮಾವಿನಹಣ್ಣು, ಕರಿಬೇವು, ಹಸಿ ಕಾಯಿಪಲ್ಯ, ಬಿತ್ತನೆ ಬೀಜ, ಮಾಂಸದ ಯಾವುದೇ ಪದಾರ್ಥ ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಬಂದಿದೆ, ಸೊಸೆಗೆ ಐದು ಕಿಲೋ ಒಯ್ಯೋಣ ಅನ್ನಿಸುವುದು ಸಹಜ. ಆದರೆ ಕಾಳು-ಬೇಳೆಗೆ ಕೃಷಿ ಇಲಾಖೆಯ ರೋಗಮುಕ್ತ ಪ್ರಮಾಣಪತ್ರ ಕೇಳುತ್ತಾರೆ. ಭಾರತೀಯರ ಕಿರಾಣಿ ಅಂಗಡಿಗಳಲ್ಲಿ ತೊಗರಿಬೇಳೆ ಅಲ್ಲಿಯೇ ಸಿಗುತ್ತದೆ. ದುಬೈ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸುವವರು ಗಸಗಸೆಯನ್ನು ಮುಟ್ಟಲೂ ಬ್ಯಾಡ್ರಿ, ಅಲ್ಲಿ ಅದು ನಿಷಿದ್ಧ. ವಿಭೂತಿಯನ್ನು ಪುಡಿ ಮಾಡದೆ ಗಟ್ಟಿಯಾಗಿಯೇ ಒಯ್ದರೆ ತಪಾಸಣೆಯವರಿಗೆ ತಿಳಿಸಿ ಹೇಳುವುದು ಸುಲಭ.

• ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಚೆರ್ರಿ ಹೂವು. ನವೆಂಬರ್ ಎಲ್ಲಕ್ಕಿಂತ ಹಿತ. ಜೂನ್‌ನಲ್ಲಿ ಮಳೆ, ಜುಲೈ-ಆಗಸ್ಟಿನಲ್ಲಿ ಬೆವರು ಒರೆಸಿ ಸಾಕಾಗುತ್ತದೆ. ನಮ್ಮದು ಒಣ ಬಿಸಿಲು ತಿಂದ ಮೈ, ಆ ಹಸಿ ಸೆಕೆ ಬೇರೆ ಜಾತಿಯದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರಿಗೆಲ್ಲ ರಜೆ, ಕಾಲಿಡಲು ಜಾಗ ಇರುವುದಿಲ್ಲ.

• ಚಪ್ಪಲಿ ಬಿಚ್ಚುವ ಪ್ರಸಂಗ ಮೇಲಿಂದ ಮೇಲೆ ಬರುತ್ತದೆ, ತೂತಿಲ್ಲದ ಕಾಲುಚೀಲ ಇರಲಿ. ಪಾಯಖಾನೆಯಲ್ಲಿ ನೀರಿನ ವ್ಯವಸ್ಥೆ ಬಹುಮಟ್ಟಿಗೆ ಇದ್ದೇ ಇರುತ್ತದೆ. ಯಾವ ಬಟನ್ ಯಾವುದಕ್ಕೆ ಎಂದು ಮೊದಲ ದಿನವೇ ಸಂಕೋಚ ಬಿಟ್ಟು ಕೇಳಿಕೊಳ್ರಿ. ನಳದ ನೀರು ಕುಡಿಯಬಹುದು.

• ಮೊದಲ ತಿರುಗಾಟವನ್ನು ಸಕುರಾಗಿಚೊ ನಿಲ್ದಾಣದಿಂದ ಶುರು ಮಾಡ್ರಿ. ವಾಡಿಯವರು, ಸೇಡಂನವರು ತಪ್ಪಿಸಲೇಬಾರದ ಜಾಗ ಇದು. ಜಪಾನಿನ ಮೊದಲ ರೈಲು 1872ರಲ್ಲಿ ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಓಡಿತು. ಆಗಿನ ಯೊಕೊಹಾಮಾ ನಿಲ್ದಾಣವೇ ಇಂದಿನ ಸಕುರಾಗಿಚೊ. ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಹಾಯುವ ನಮ್ಮ ವಾಡಿ-ಸಿಕಂದರಾಬಾದ್ ಲೈನು ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆಯಿತು. ಎರಡರ ನಡುವೆ ಎರಡೇ ವರ್ಷದ ಅಂತರ! ಅವರು ಹಾಕಿದ್ದು ಮೂರೂವರೆ ಅಡಿಯ ಗೇಜು, ನಮ್ಮದು ಐದೂವರೆ ಅಡಿಯ ಬ್ರಾಡ್‌ಗೇಜು. ಆ ಮೊದಲ ದಿನಗಳ ಒಂದು ಉಗಿಬಂಡಿಯನ್ನು ನಿಲ್ದಾಣಕ್ಕೆ ಹೊಂದಿದ ಕಟ್ಟಡದಲ್ಲಿ ನಿಲ್ಲಿಸಿದ್ದಾರೆ. ಸಣ್ಣ ಎಂಜಿನ್ನು, ಎದುರು ನಿಂತರೆ ಬಾಯ್ಲರು ಎದೆಮಟ್ಟ ಅನ್ನಿಸುತ್ತದೆ. ಲೈನು ಹಾಕಿಸಿದ ಇಂಗ್ಲಿಷ್ ಇಂಜಿನಿಯರ್ ಎಡ್ಮಂಡ್ ಮೊರೆಲ್ ಅದು ಓಡುವುದನ್ನು ನೋಡದೆ 1871ರಲ್ಲೇ ತೀರಿಕೊಂಡರು. ಅವರ ಗೋರಿ ಇದೇ ಊರಿನ ಗುಡ್ಡದ ಮೇಲೆ, ವಿದೇಶೀಯರ ಸ್ಮಶಾನದಲ್ಲಿದೆ. ರೈಲ್ವೆ ಅನ್ನ ಉಂಡವನಾಗಿ ನಾನು ಅಲ್ಲಿಗೂ ಹೋಗಿ ಕೈಮುಗಿದು ಬಂದೆ.

• ಒಬ್ಬರೇ ಓಡಾಡಲು ಸುಯಿಕಾ ಅಥವಾ ಪಾಸ್ಮೊ ಕಾರ್ಡು ಸಾಕು, ರೈಲು-ಬಸ್ಸು ಎರಡಕ್ಕೂ ಅದೇ ನಡೆಯುತ್ತದೆ. ನಿಲ್ದಾಣದ ಹೆಸರಿನ ಜೊತೆ ನಂಬರು ಇರುತ್ತದೆ, ಅದನ್ನು ಚೀಟಿಯಲ್ಲಿ ಬರೆದುಕೊಳ್ರಿ. ಡಬ್ಬಿಯೊಳಗೆ ಫೋನಿನಲ್ಲಿ ಮಾತಾಡುವಂತಿಲ್ಲ. ಸ್ಪೀಕರ್ ಹಾಕಿ ಊರಿನ ಸುದ್ದಿ ಕೇಳುವ ಚಟವನ್ನು ಮನೆಯಲ್ಲೇ ಬಿಟ್ಟು ಹೊರಡ್ರಿ. ಓಡುವ ಮೆಟ್ಟಿಲಿನ ಮೇಲೆ ಎಡಕ್ಕೆ ನಿಲ್ಲುವುದು ರೂಢಿ. ಯೊಕೊಹಾಮಾದ ಮುಖ್ಯ ನಿಲ್ದಾಣದಲ್ಲಿ ಹಲವು ಕಂಪನಿಗಳ ಲೈನುಗಳು ಸೇರುತ್ತವೆ, ಹೊಸಬರು ದಿಕ್ಕು ತಪ್ಪುವುದು ಅಲ್ಲಿಯೇ. ಸಾಧ್ಯವಾದರೆ ಅಲ್ಲಿ ಇಳಿಯದೆ ಮುಂದಕ್ಕೆ ಹೋಗ್ರಿ.

• ಇನ್ನು ಚೀನೀಯರ ಕೇರಿ. ಮಿನಾತೊಮಿರಾಯ್ ಲೈನಿನ ಕೊನೆಯ ನಿಲ್ದಾಣ ಮೊತೊಮಾಚಿ-ಚೂಕಾಗಾಯ್‌ನಲ್ಲಿ ಇಳಿದರೆ ಕೇರಿ ಹತ್ತಿರದಲ್ಲೇ. 1859ರಲ್ಲಿ ಈ ಬಂದರು ಹೊರದೇಶದವರಿಗೆ ತೆರೆದಾಗ ಯುರೋಪಿನ ವ್ಯಾಪಾರಿಗಳು ಚೀನೀ ದಲ್ಲಾಳಿಗಳನ್ನು ಜೊತೆಗೆ ಕರೆತಂದರು. ಬಿಳಿಯರಿಗೆ ಜಪಾನೀ ಮಾತು ಬಾರದು. ಚೀನೀಯರಿಗೂ ಬಾರದು, ಆದರೆ ಲಿಪಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಾಗದದ ಮೇಲೆ ಬರೆದು ವ್ಯವಹಾರ ಕುದುರಿಸುತ್ತಿದ್ದರು. ಹಾಗೆ ಗ್ವಾಂಗ್‌ಝೌ, ಶಾಂಘೈ, ಹಾಂಗ್‌ಕಾಂಗ್ ಕಡೆಯಿಂದ ಬಂದವರ ಓಣಿ ಇವತ್ತು ಐದುನೂರಕ್ಕೂ ಹೆಚ್ಚು ಅಂಗಡಿಗಳ ಪೇಟೆ. ಸನ್ ಯಾತ್-ಸೆನ್ ಚೀನಾದಿಂದ ಗಡಿಪಾರಾಗಿದ್ದಾಗ ಇದೇ ಊರಿನಲ್ಲಿ ಆಶ್ರಯ ಪಡೆದಿದ್ದರು. ಇಲ್ಲಿಗೆ ಶನಿವಾರ-ಭಾನುವಾರ ಬ್ಯಾಡ್ರಿ. ವಾರದ ದಿನ ಹನ್ನೊಂದರೊಳಗೆ ಮುಟ್ಟಿದರೆ ಅಂಗಡಿಯವರು ಇನ್ನೂ ಹಬೆಯ ಪಾತ್ರೆಗಳನ್ನು ಒಲೆಗೆ ಏರಿಸುತ್ತಿರುತ್ತಾರೆ, ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.

• ಕೇರಿಯೊಳಗೆ ದಾರಿ ತಪ್ಪುವುದು ಖಾತ್ರಿ. ಬಂದರು ಆಗುವ ಮುಂಚೆ ಅಲ್ಲಿ ಗದ್ದೆಗಳಿದ್ದವು, ಆ ಬದುಗಳ ಗುಂಟವೇ ಓಣಿಗಳು ಬಿದ್ದಿವೆ. ಹಾಗಾಗಿ ಇಡೀ ಪೇಟೆ ಸುತ್ತಲಿನ ರಸ್ತೆಗಳಿಗೆ ಓರೆಯಾಗಿ ನಿಂತಿದೆ. ಕಮಾನುಗಳ ಬಣ್ಣ ನೆನಪಿಡ್ರಿ: ಮೂಡಣಕ್ಕೆ ನೀಲಿ, ತೆಂಕಣಕ್ಕೆ ಕೆಂಪು, ಪಡುವಣಕ್ಕೆ ಬಿಳಿ, ಬಡಗಣಕ್ಕೆ ಕಪ್ಪು. ನೀಲಿ ಕಮಾನಿನಿಂದ ಹೊರಬಿದ್ದರೆ ಸಮುದ್ರದ ದಿಕ್ಕು, ಬಿಳಿ ಕಮಾನು ಹಾದರೆ ಇಶಿಕಾವಾಚೊ ನಿಲ್ದಾಣದ ದಿಕ್ಕು.

• ಕಾಂತೇಬ್ಯೊ ಗುಡಿಗೆ ಹೋಗದೆ ಬರಬ್ಯಾಡ್ರಿ. ಮೂರನೆಯ ಶತಮಾನದ ಹೊತ್ತಿನ ಗ್ವಾನ್ ಯು ಎಂಬ ಸೇನಾಪತಿ ಅಲ್ಲಿ ದೇವರು. ಕೊಟ್ಟ ಮಾತಿಗೆ ತಪ್ಪದವನು ಎಂದು ವ್ಯಾಪಾರಿಗಳು ನಡೆದುಕೊಳ್ಳುತ್ತಾರೆ. ಮೆಟ್ಟಿಲ ನಡುವೆ, ಮೋಡದಲ್ಲಿ ಸುತ್ತಿಕೊಂಡ ಡ್ರ್ಯಾಗನ್ ಕೆತ್ತಿದ ದೊಡ್ಡ ಕಲ್ಲಿದೆ. ಪರ್ಸಿ ಕಲ್ಲಿನ ಗಣಿಗಳ ನಡುವೆ ಬೆಳೆದ ಶಹಾಬಾದಿನವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ನನಗೆ ಗೊತ್ತು. ಊದುಬತ್ತಿ ಅಲ್ಲೇ ಕೊಂಡು, ಪ್ರತಿ ಧೂಪಪಾತ್ರೆಗೆ ಒಂದೊಂದರಂತೆ ಸಿಗಿಸಬೇಕು. ಒಳಗೆ ಫೋಟೊ ಇಲ್ಲ. ಈ ಗುಡಿ 1923ರ ಭೂಕಂಪದಲ್ಲಿ ಕುಸಿಯಿತು, 1945ರಲ್ಲಿ ಬಾಂಬಿಗೆ ಸುಟ್ಟಿತು, 1986ರಲ್ಲಿ ಬೆಂಕಿಗೆ ಬಲಿಯಾಯಿತು. ಈಗ ನೋಡುವುದು 1990ರಲ್ಲಿ ಮುಗಿದ ನಾಲ್ಕನೆಯ ಕಟ್ಟಡ. ಪ್ರತಿ ಸಲವೂ ವಲಸೆ ಬಂದವರೇ ಹಣ ಕೂಡಿಸಿ ಎಬ್ಬಿಸಿದ್ದಾರೆ. ನಾನು ಆ ಊರಿನಲ್ಲಿ ತಲೆಬಾಗಿದ್ದು ಎತ್ತರದ ಕಟ್ಟಡಗಳಿಗಲ್ಲ, ಇದಕ್ಕೆ.

• ಸಸ್ಯಾಹಾರಿಗಳು ಈ ಪೇಟೆಯಲ್ಲಿ ಬಲು ಎಚ್ಚರ ಇರಬೇಕು. ‘ವೆಜಿಟೇರಿಯನ್’ ಎಂದರೆ ಮಾಂಸದ ತುಂಡು ಬದಿಗಿಟ್ಟು ಅದೇ ಸಾರನ್ನು ಬಡಿಸುವವರಿದ್ದಾರೆ. ಅದರಲ್ಲಿ ಮೋಸದ ಬುದ್ಧಿ ಇಲ್ಲ, ಅವರ ತಿಳಿವಳಿಕೆಯೇ ಹಾಗೆ. ಹಬೆಯಾಡುವ ದೊಡ್ಡ ಬಿಳಿ ಕಡುಬಿನೊಳಗೆ ಹಂದಿಮಾಂಸ ಇರುತ್ತದೆ. ತೋಫು ಪಲ್ಯಕ್ಕೂ ಕೈಮಾ ಬೆರೆಸುತ್ತಾರೆ. ಕಾಯಿಪಲ್ಯ ಎಂದು ಕೊಟ್ಟದ್ದಕ್ಕೆ ಸಿಂಪಿಯ ಸಾಸು, ಕೋಳಿಯ ಸಾರು. ಎಳ್ಳು ಮೆತ್ತಿದ ಸಿಹಿ ಉಂಡೆಯಲ್ಲೂ ಹಂದಿಯ ಕೊಬ್ಬು ಇರಬಹುದು. ಮಾಂಸ, ಮೀನು, ತತ್ತಿ, ಪ್ರಾಣಿಯ ಕೊಬ್ಬು, ಮೀನಿನ ಸಾರು, ಸಿಂಪಿ ಸಾಸು — ಇವು ಆರೂ ಬೇಡ ಎಂದು ಮಗನ ಕೈಯಲ್ಲಿ ಜಪಾನೀ ಭಾಷೆಯಲ್ಲಿ ಬರೆಸಿ, ಜೇಬಿನಲ್ಲಿ ಇಟ್ಟುಕೊಂಡು ತೋರಿಸ್ರಿ. ಇಷ್ಟಾದರೂ ಅನುಮಾನ ಉಳಿದರೆ ತಿನ್ನಬ್ಯಾಡ್ರಿ. ರೊಟ್ಟಿ-ಹಿಂಡಿ ಕಟ್ಟಿಕೊಂಡು ಹೋಗಿ ಯಾಮಾಶಿತಾ ಪಾರ್ಕಿನ ಬೆಂಚಿನ ಮೇಲೆ ಕೂತು ಉಂಡರೆ ಯಾರೂ ಏನೂ ಅನ್ನುವುದಿಲ್ಲ.

• ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಸುಟ್ಟ ಚೆಸ್ಟ್‌ನಟ್. ನಮ್ಮಲ್ಲಿ ಕಾದ ಮರಳಿನಲ್ಲಿ ಶೇಂಗಾ ಹುರಿದ ಹಾಗೆ, ಅವರು ಕರಿಯ ಸಣ್ಣ ಕಲ್ಲುಗಳಲ್ಲಿ ಸಿಹಿ ಪಾಕ ಹನಿಸುತ್ತ ತಿರುವಿ ಹುರಿಯುತ್ತಾರೆ. ಸಿಪ್ಪೆಯ ಮೇಲೆ ಉಗುರಿನಿಂದ ಒತ್ತಿ ಗೀರು ಎಳೆದು ಎರಡೂ ಬದಿ ಹಿಂಡಿದರೆ ಹಳದಿ ತಿರುಳು ಇಡಿಯಾಗಿ ಹೊರಬರುತ್ತದೆ. ಬೀದಿಯಲ್ಲಿ ನಿಂತವರು ಒಂದು ಕಾಳು ನಿಮ್ಮ ಕೈಗೆ ತುರುಕಿ, ಬೇಡ ಬೇಡ ಎಂದರೂ ದೊಡ್ಡ ಪೊಟ್ಟಣ ಕಟ್ಟಿಬಿಡುತ್ತಾರೆ. ಬೆಲೆ ಬರೆದ ಹಲಗೆ ಇರುವ ಅಂಗಡಿಯಲ್ಲಿ ಮಾತ್ರ ಕೊಳ್ರಿ. ಕೈ ನೋಡಿ ಭವಿಷ್ಯ ಹೇಳುವ ಅಂಗಡಿಗಳೂ ಸಾಲಾಗಿವೆ, ಅವರ ದಾರಿ ಅವರಿಗೆ.

• ತಿಂದ ಕಾಗದ, ಸಿಪ್ಪೆ ಎಸೆಯಲು ಬೀದಿಯಲ್ಲಿ ಕಸದ ಡಬ್ಬಿ ಕಾಣುವುದಿಲ್ಲ. ಒಂದು ಕೈಚೀಲ ಜೊತೆಗಿರಲಿ, ಮನೆಗೆ ತರ್ರಿ. ಟಿಪ್ಸು ಕೊಡುವ ಪದ್ಧತಿ ಇಲ್ಲ. ದುಡ್ಡನ್ನು ಅಂಗಡಿಯವರ ಕೈಗೆ ಕೊಡದೆ ಎದುರಿನ ತಟ್ಟೆಯಲ್ಲಿ ಇಡಬೇಕು.

• ಮಳಖೇಡ ನಮ್ಮ ಸೇಡಂ ತಾಲೂಕಿನದು ಎಂಬುದನ್ನು ಚೀನೀ ಅಂಗಡಿಯವರಿಗೂ, ನಿಮ್ಮ ಮೊಮ್ಮಕ್ಕಳಿಗೂ ಹೇಳಲು ನಾಚಬ್ಯಾಡ್ರಿ. ಅರಬ ವರ್ತಕ ಸುಲೈಮಾನನ ಹೆಸರಿನಲ್ಲಿ 851ರಿಂದ ಉಳಿದುಬಂದ ವೃತ್ತಾಂತದಲ್ಲಿ ಜಗತ್ತಿನ ನಾಲ್ವರು ಮಹಾರಾಜರ ಲೆಕ್ಕವಿದೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಆ ಬಲ್ಹರಾ ಕಾಗಿಣಾ ನದಿಯ ದಂಡೆಯ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ. ಆಗ ಪಟ್ಟದಲ್ಲಿದ್ದವನು ಅಮೋಘವರ್ಷ ನೃಪತುಂಗ. ಬಂದರಿನಿಂದ ಬಂದರಿಗೆ ಅಲೆಯುವ ವರ್ತಕರ ಬಾಯಲ್ಲಿ ಚೀನಾದ ಹೆಸರಿನ ಜೊತೆ ನಮ್ಮ ದೊರೆಯ ಹೆಸರೂ ಓಡಾಡುತ್ತಿತ್ತು. ಪರದೇಶದ ಪೇಟೆಯಲ್ಲಿ ತಲೆ ತಗ್ಗಿಸಿ, ಹಿಂಜರಿದು ನಡೆಯುವ ಕಾರಣವೇ ಇಲ್ಲ.

• ಯಾಮಾಶಿತಾ ಪಾರ್ಕು ಕೇರಿಯಿಂದ ನಡೆದು ಹೋಗುವಷ್ಟು ಹತ್ತಿರ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಉರುಳಿದ ಊರಿನ ಅವಶೇಷಗಳನ್ನೇ ಸಮುದ್ರಕ್ಕೆ ಸುರಿದು, ಆ ನೆಲದ ಮೇಲೆ 1930ರಲ್ಲಿ ತೆರೆದ ತೋಟ ಅದು. ದಂಡೆಗೆ ಕಟ್ಟಿದ ಹಿಕಾವಾ ಮಾರು ಹಡಗು 1930ರಿಂದ ಸಿಯಾಟಲ್ ದಾರಿಯಲ್ಲಿ ಓಡಿದ್ದು, ಒಳಗೆ ಹತ್ತಿ ನೋಡಬಹುದು. ಎಲ್ಲರೂ ಹಡಗಿನ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಅದೇ ಪಾರ್ಕಿನಲ್ಲಿ ಗುಮ್ಮಟವಿರುವ ಒಂದು ಸಣ್ಣ ಮಂಟಪ ಹುಡುಕ್ರಿ. ಭೂಕಂಪದಲ್ಲಿ ಯೊಕೊಹಾಮಾದ ಜನ ಭಾರತೀಯ ವ್ಯಾಪಾರಿಗಳಿಗೂ ನೆರವಾದರು. ಆ ಉಪಕಾರ ನೆನೆದು, ಸತ್ತವರ ಸ್ಮರಣೆಗಾಗಿ, ನಮ್ಮವರು 1939ರಲ್ಲಿ ಊರಿಗೆ ಕಟ್ಟಿಕೊಟ್ಟ ನೀರಿನ ಮಂಟಪ ಅದು. ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಗುಮ್ಮಟದ ಒಳಮೈ ತುಂಬ ಬಣ್ಣದ ಹರಳುಗಳ ಚಿತ್ತಾರ, ನಡುವೆ ನೀರಿನ ಚಿಲುಮೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ನಾಡಿನವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

• ಭೂಕಂಪದ ಮಾತು ಬಂದಿದ್ದರಿಂದ ಇದನ್ನು ಕಿವಿಗೊಟ್ಟು ಕೇಳ್ರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ನಮ್ಮ ಜಿಲ್ಲೆಯೂ ನಡುಗಿತ್ತು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದು. ಅಂದಿನಿಂದ ನೆಲ ಅಲುಗಿದರೆ ಹೊರಗೆ ಓಡುವುದು ನಮ್ಮ ರಕ್ತದಲ್ಲೇ ಬಂದಿದೆ. ಯೊಕೊಹಾಮಾದಲ್ಲಿ ಹಾಗೆ ಓಡಬ್ಯಾಡ್ರಿ. ಈಗಿನ ಕಟ್ಟಡಗಳನ್ನು ತೂಗಾಡಿದರೂ ಬೀಳದ ಹಾಗೆ ಕಟ್ಟಿರುತ್ತಾರೆ, ಅಪಾಯ ಇರುವುದು ಹೊರಗೆ ಉದುರುವ ಗಾಜು, ಫಲಕಗಳಿಂದ. ಮೇಜಿನ ಕೆಳಗೆ ಸೇರಿ ತಲೆ ಕಾಪಾಡಿಕೊಳ್ರಿ. ಅಲುಗಾಟ ನಿಂತ ಮೇಲೆ ಗ್ಯಾಸು ಬಂದ್ ಮಾಡಿ, ಬಾಗಿಲು ತೆರೆದಿಡ್ರಿ. ಲಿಫ್ಟು ಬೇಡ. ಸಮುದ್ರದ ದಂಡೆಯಲ್ಲಿ ಇದ್ದರೆ ಮಾತ್ರ ಯಾರ ದಾರಿಯನ್ನೂ ಕಾಯದೆ ಎತ್ತರದ ಜಾಗಕ್ಕೆ ನಡೀರಿ. ಮೊದಲ ವಾರವೇ ಮಗ-ಸೊಸೆಯ ಜೊತೆ ಕೂತು, ಎಲ್ಲರೂ ಎಲ್ಲಿ ಕೂಡಬೇಕು ಎಂದು ಗುರುತು ಮಾಡಿಕೊಳ್ರಿ. ಆಂಬುಲೆನ್ಸ್, ಬೆಂಕಿಗೆ 119, ಪೊಲೀಸರಿಗೆ 110.

• ಚಿತ್ತಾಪುರದವರಿಗೆ ಪ್ರತ್ಯೇಕ ಮಾತು. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಸ್ತೂಪ ನಿಮ್ಮದು. ಯೊಕೊಹಾಮಾದ ತ್ಸುರುಮಿಯಲ್ಲಿರುವ ಸೋಜಿಜಿ ಮಠಕ್ಕೆ ಒಂದು ಬೆಳಿಗ್ಗೆ ಹೋಗ್ರಿ. ಝೆನ್ ಬೌದ್ಧರ ಸೋತೊ ಪಂಥದ ಎರಡು ಪ್ರಧಾನ ಮಠಗಳಲ್ಲಿ ಅದೊಂದು, ಬೆಂಕಿ ಬಿದ್ದ ಮೇಲೆ ನೋಟೊ ಕಡೆಯಿಂದ 1911ರಲ್ಲಿ ಇಲ್ಲಿಗೆ ಬಂತು. ಸಾಧುಗಳು ಬಗ್ಗಿ ಉದ್ದನೆಯ ಮೊಗಸಾಲೆ ಒರೆಸುವುದನ್ನು ನೋಡಬಹುದು. ನಮ್ಮ ಭೀಮೆಯ ದಂಡೆಯಲ್ಲಿ ನಿಂತುಹೋದ ಬುದ್ಧನ ಪೂಜೆ ಅಲ್ಲಿ ಇವತ್ತಿಗೂ ದಿನನಿತ್ಯ ನಡೆದಿದೆ. ಸನ್ನತಿಯ ನಾಲ್ಕು ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ ಅವರಿಗೆ ತೋರಿಸ್ರಿ.

• ಸ್ವಾಮಿ ವಿವೇಕಾನಂದರು 1893ರ ಜುಲೈನಲ್ಲಿ ಅಮೆರಿಕದ ಕಡೆಗೆ ಹೊರಟ ಹಡಗು ಹತ್ತಿದ್ದು ಯೊಕೊಹಾಮಾ ಬಂದರಿನಿಂದಲೇ. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳ್ ಮೊದಲಾದ ಮದರಾಸಿನ ಶಿಷ್ಯರಿಗೆ ಇಲ್ಲಿಂದ ಪತ್ರ ಬರೆದು, ನಮ್ಮ ತರುಣರು ವರ್ಷವರ್ಷವೂ ಜಪಾನು, ಚೀನಾ ನೋಡಿ ಬರಬೇಕು ಎಂದರು. ಐದು ವರ್ಷದ ಮೇಲೆ, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನಿಗೆ ಬಂದು ಹೋದರು.

• ಕಾಲಲ್ಲಿ ಶಕ್ತಿ ಇದ್ದರೆ ಸಾಂಕೇಯೆನ್ ತೋಟ ನೋಡ್ರಿ. ರೇಷ್ಮೆ ವ್ಯಾಪಾರದಿಂದ ಶ್ರೀಮಂತನಾದ ಹಾರಾ ಎಂಬಾತ ತನ್ನ ತೋಟವನ್ನು 1906ರಲ್ಲೇ ಜನರಿಗೆ ತೆರೆದಿಟ್ಟ. 1916ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ಅತಿಥಿಯಾಗಿದ್ದರು.

• ಮನೆಯ ವಿಳಾಸ, ಮಗನ ಫೋನ್ ನಂಬರು ಜಪಾನೀ ಲಿಪಿಯಲ್ಲಿ ಬರೆದ ಚೀಟಿ ಇಬ್ಬರ ಬಳಿಯೂ ಬೇರೆಬೇರೆ ಇರಲಿ. ಅಜ್ಜನ ಜೇಬಿನಲ್ಲಿ ಇದೆ ಎಂದು ಅಜ್ಜಿ ಬರಿಗೈಲಿ ಹೊರಡಬಾರದು. ದಾರಿ ತಪ್ಪಿದರೆ ‘ಕೋಬಾನ್’ ಎಂದು ಕೇಳ್ರಿ. ಅದು ಬೀದಿ ಮೂಲೆಯ ಪೊಲೀಸ್ ಚೌಕಿ, ನಕ್ಷೆ ಹಿಡಿದು ದಾರಿ ಹೇಳುವುದು ಅವರ ದಿನದ ಕೆಲಸ.

• ಕೊನೆಯದು ಮೊಮ್ಮಕ್ಕಳ ವಿಷಯ. ಚೀನೀಯರು 19ನೇ ಶತಮಾನ ಮುಗಿಯುವ ಮುಂಚೆಯೇ ಆ ಊರಿನಲ್ಲಿ ತಮ್ಮ ಶಾಲೆ ತೆರೆದರು. ಇವತ್ತಿಗೂ ಅಲ್ಲಿಯ ಮಕ್ಕಳು ಚೀನೀ ಕಲಿಯುತ್ತಾರೆ, ಹಬ್ಬ ಬಂದರೆ ಸಿಂಹದ ಕುಣಿತ ಕುಣಿಯುತ್ತಾರೆ. ನಮ್ಮ ಕೂಸುಗಳು ಶಿಶುವಿಹಾರದಲ್ಲಿ ಜಪಾನೀ, ಮನೆಯಲ್ಲಿ ಇಂಗ್ಲಿಷು. ಅಪ್ಪ-ಅವ್ವನಿಗೆ ಆಫೀಸು ಮುಗಿಯುವುದೇ ರಾತ್ರಿಗೆ. ಹಾಗಾಗಿ ಆ ಮೂರು ತಿಂಗಳು ಕನ್ನಡ ನಿಮ್ಮ ಪಾಲಿನದು. ಮಗು ಜಪಾನಿಯಲ್ಲಿ ಉತ್ತರ ಕೊಟ್ಟರೂ ನೀವು ನಮ್ಮ ಕಡೆಯ ಮಾತು ಬಿಡಬ್ಯಾಡ್ರಿ, ಬೈಯಲೂಬ್ಯಾಡ್ರಿ. ರೈಲಿನ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಕನ್ನಡದಲ್ಲಿ ಹೆಸರಿಸುತ್ತ ಹೋಗ್ರಿ, ಪಾರ್ಕಿನ ಬೆಂಚಿನ ಮೇಲೆ ಕಥೆ ಹೇಳ್ರಿ. ಚಿತ್ರ ಇರುವ ಅಕ್ಷರಮಾಲೆ, ದೊಡ್ಡ ಅಕ್ಷರದ ಎರಡು ಕಥೆ ಪುಸ್ತಕ, ಒಂದು ಸ್ಲೇಟು ಪೆಟ್ಟಿಗೆಯಲ್ಲಿ ಮೊದಲು ಇಡ್ರಿ, ಹಿಂಡಿಯ ಡಬ್ಬಿಗಳನ್ನು ಆಮೇಲೆ ಹೊಂದಿಸಿಕೊಂಡರಾಯಿತು.